ಹಾಲು ಬೇಡ, ತುಪ್ಪ ಬೇಕು: ಫಿಟ್ಸ್ ಇರುವ ಮಗುವಿಗೆ ಪಥ್ಯದ ಅಡುಗೆ

ಕರು ಹಾಕಿ ಎರಡು ಮೂರು ವಾರವಾದ ಹಸು ಇದ್ದಕ್ಕಿದ್ದಂತೆ ಹಿಂಡಿ ಬಿಟ್ಟು ಬರೀ ಹುಲ್ಲು ಮೂಸುತ್ತದೆ. ಹಾಲು ಇಳಿಯುತ್ತದೆ, ಮೈ ಕರಗುತ್ತದೆ, ಉಸಿರಿನಲ್ಲಿ ಒಂಥರಾ ಸಿಹಿ ವಾಸನೆ. ನಮ್ಮ ಸದಸ್ಯೆಯರಿಗೆ ಇದು ಗೊತ್ತಿರುವ ಕಾಯಿಲೆ, ಕೀಟೋಸಿಸ್. ಕೊಡುವ ಹಾಲಿಗೆ ಬೇಕಾದಷ್ಟು ಶಕ್ತಿ ಮೇವಿನಿಂದ ಸಿಗದಾಗ ಹಸು ತನ್ನ ಮೈಯ ಕೊಬ್ಬನ್ನೇ ಕರಗಿಸಿಕೊಳ್ಳುತ್ತದೆ. ಯಕೃತ್ತು ಆ ಕೊಬ್ಬನ್ನು ಕೀಟೋನ್ ಎಂಬ ಪದಾರ್ಥಗಳಾಗಿ ಮಾಡುತ್ತದೆ, ಅವು ರಕ್ತದಲ್ಲಿ ಮಿತಿಮೀರುತ್ತವೆ. ನಾವು ಬಂದು ಗಂಜಲ ಹಿಡಿದು ರೊಥೆರಾ ಪುಡಿ ಹಾಕಿ ನೋಡುತ್ತೇವೆ. ನೇರಳೆ ಬಣ್ಣ ಬಂದರೆ ನರಕ್ಕೆ ಗ್ಲೂಕೋಸ್ ಹಾಕುತ್ತೇವೆ.

ಕಳೆದ ವರ್ಷ ಇಂಥದೇ ಒಂದು ಹಸುವಿಗೆ ಬಾಟಲಿ ಏರಿಸುತ್ತಿದ್ದಾಗ ಆ ಮನೆಯ ಸದಸ್ಯೆ ಕೇಳಿದರು: “ಡಾಕ್ಟರಮ್ಮ, ಹಸೂಗೆ ಈ ಕೀಟೋನು ಬರಬಾರದು ಅಂತ ನೀವು ಔಷಧಿ ಕೊಡ್ತೀರಿ. ನನ್ನ ಮಗನಿಗೆ ಅದೇ ಬರಬೇಕು ಅಂತ ಬೆಂಗಳೂರಿನ ಡಾಕ್ಟ್ರು ಪಥ್ಯ ಬರೆದವ್ರೆ. ಇದೇನು ಲೆಕ್ಕ?”

ಅವರ ಮಗನಿಗೆ ಆರು ವರ್ಷ. ಮೂರ್ಛೆ ರೋಗ. ದಿನಕ್ಕೆ ಹತ್ತಿಪ್ಪತ್ತು ಸಲ ತಲೆ ಜೋತುಬೀಳುತ್ತಿತ್ತು, ಆಟವಾಡುತ್ತಿದ್ದವನು ಕುಸಿಯುತ್ತಿದ್ದ, ಹಣೆಯ ಮೇಲೆ ಹೊಲಿಗೆಯ ಗುರುತುಗಳಿದ್ದವು. ಮೂರು ಬಗೆಯ ಔಷಧಿಗೂ ಜಗ್ಗಲಿಲ್ಲ. ಕೊನೆಗೆ ಮಕ್ಕಳ ನರರೋಗ ತಜ್ಞರು ಕೀಟೋಜೆನಿಕ್ ಆಹಾರ ಶುರುಮಾಡಿದ್ದರು. ತಾಯಿಯ ನಿಜವಾದ ಚಿಂತೆ ಎರಡನೇ ಪ್ರಶ್ನೆಯಲ್ಲಿತ್ತು: “ದಿನಾ ಅದೇ ಬೆಣ್ಣೆ, ಅದೇ ಮೊಟ್ಟೆ. ಒಲ್ಲೆ ಅಂತ ತಟ್ಟೆ ತಳ್ತಾನೆ. ಏನು ಮಾಡಿಕೊಡ್ಲಿ?”

ನಾನು ದನದ ಡಾಕ್ಟರು. ಮಕ್ಕಳಿಗೆ ಔಷಧಿ ಹೇಳುವುದು ನನ್ನ ಕೆಲಸವಲ್ಲ. ಆದರೆ ಎಷ್ಟು ಜಿಡ್ಡು, ಎಷ್ಟು ಪ್ರೋಟೀನ್ ಎಂದು ಪಡಿತರ ಲೆಕ್ಕ ಹಾಕುವುದು ನಮ್ಮ ಓದಿನಲ್ಲೇ ಇದೆ. ಆಸ್ಪತ್ರೆಯ ಆಹಾರ ತಜ್ಞೆ ಕೊಟ್ಟ ಪಟ್ಟಿ ಇಟ್ಟುಕೊಂಡು ಕೆಲವು ಭಾನುವಾರ ಆ ಅಡುಗೆಮನೆಯಲ್ಲಿ ಕೂತೆ. ಮಾಡಿ ನೋಡಿದ್ದನ್ನು ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಇಲ್ಲಿ ಬರೆಯುತ್ತಿದ್ದೇನೆ.

ಅದೇ ಕೀಟೋನ್, ಬೇರೆ ದಾರಿ

ಹಸುವಿನಲ್ಲಿ ಕೀಟೋನ್ ಬರುವುದು ಹೊಟ್ಟೆಗೆ ಸಾಲದೆ. ಮಗುವಿನಲ್ಲಿ ಹಾಗಲ್ಲ. ಬೇಕಾದಷ್ಟು ಊಟ ಕೊಟ್ಟೇ, ಆ ಊಟದಲ್ಲಿ ಅನ್ನ, ಮುದ್ದೆ, ಸಕ್ಕರೆ ಬಹುಪಾಲು ತೆಗೆದು ಆ ಜಾಗಕ್ಕೆ ಕೊಬ್ಬು ತುಂಬುತ್ತಾರೆ. ಮಿದುಳು ಮಾಮೂಲಾಗಿ ಗ್ಲೂಕೋಸ್ ಮೇಲೆ ನಡೆಯುತ್ತದೆ. ಗ್ಲೂಕೋಸ್ ಕಡಿಮೆಯಾಗಿ ಕೀಟೋನ್ ಹೆಚ್ಚಾದಾಗ ಅದನ್ನೇ ಇಂಧನ ಮಾಡಿಕೊಳ್ಳುತ್ತದೆ. ಹೀಗಿರುವಾಗ ಕೆಲವು ಮಕ್ಕಳಲ್ಲಿ ಫಿಟ್ಸ್ ಇಳಿಯುತ್ತದೆ. ಮಗುವಿನ ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿಯಲ್ಲಿರುವುದೂ ನಮ್ಮ ರೊಥೆರಾ ಪುಡಿಯಲ್ಲಿರುವ ಅದೇ ರಾಸಾಯನಿಕ, ಬಣ್ಣವೂ ಅದೇ ನೇರಳೆ. ಹಸುವಿನಲ್ಲಿ ಆ ಬಣ್ಣ ಕಂಡರೆ ನಮಗೆ ಗಾಬರಿ. ಈ ತಾಯಿಗೆ ಅದು ಕಾಣದಿದ್ದರೆ ಗಾಬರಿ.

ಇದು ಈಚಿನ ಫ್ಯಾಷನ್ ಪಥ್ಯವಲ್ಲ. ಮೈ ಇಳಿಸಲು ದೊಡ್ಡವರು ಮಾಡುವ ‘ಕೀಟೋ’ ಇದರ ಮೊಮ್ಮಗು ಅಷ್ಟೆ. ಉಪವಾಸ ಇದ್ದಾಗ ಫಿಟ್ಸ್ ಕಡಿಮೆಯಾಗುವುದು ಹಿಂದಿನಿಂದಲೂ ಗೊತ್ತಿತ್ತು. ಆದರೆ ಮಕ್ಕಳನ್ನು ಎಷ್ಟು ದಿನ ಉಪವಾಸ ಕೆಡವಲಾದೀತು? 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾ. ರಸೆಲ್ ವೈಲ್ಡರ್, ಉಪವಾಸದ ಬದಲು ಕೊಬ್ಬಿನ ಊಟ ಕೊಟ್ಟು ಕೀಟೋನ್ ಬರಿಸಬಹುದು ಎಂದು ಸೂಚಿಸಿ ಇದಕ್ಕೆ ಹೆಸರಿಟ್ಟರು. 1938ರಲ್ಲಿ ಫೆನಿಟಾಯಿನ್ ಮಾತ್ರೆ ಬಂದ ಮೇಲೆ ಇದು ಮೂಲೆಗೆ ಸರಿಯಿತು. 1990ರ ದಶಕದಲ್ಲಿ ಹಾಲಿವುಡ್ ನಿರ್ದೇಶಕ ಜಿಮ್ ಏಬ್ರಹಾಮ್ಸ್ ಅವರ ಮಗ ಚಾರ್ಲಿಗೆ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಈ ಪಥ್ಯ ಫಲ ಕೊಟ್ಟಿತು. ಆ ಮೇಲೆ ಲೋಕ ಮತ್ತೆ ಇತ್ತ ತಿರುಗಿ ನೋಡಿತು.

ಎಲ್ಲರಿಗೂ ಫಲ ಸಿಗುವುದಿಲ್ಲ, ಅದನ್ನೂ ಹೇಳಬೇಕು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ವೈದ್ಯರು 2008ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 145 ಮಕ್ಕಳಿದ್ದರು. ಮೂರು ತಿಂಗಳ ನಂತರ ಪಥ್ಯದಲ್ಲಿದ್ದವರ ಪೈಕಿ ನೂರಕ್ಕೆ 38 ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. ಪಥ್ಯವಿಲ್ಲದವರಲ್ಲಿ ನೂರಕ್ಕೆ 6. ದೆಹಲಿಯ ಏಮ್ಸ್‌ನಲ್ಲಿ ಇದರ ಸಡಿಲ ರೂಪವನ್ನು 102 ಮಕ್ಕಳಲ್ಲಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದಾಗಲೂ ಪಥ್ಯದ ಗುಂಪಿನಲ್ಲಿ ಅರ್ಧದಷ್ಟು ಮಕ್ಕಳಿಗೆ ಇಂಥದೇ ಫಲ ಸಿಕ್ಕಿತ್ತು. ಔಷಧಿಗೆ ಬಗ್ಗದ ಫಿಟ್ಸ್‌ನಲ್ಲಿ ಇದು ಸಣ್ಣ ಮಾತಲ್ಲ. ನಮ್ಮ ಈ ಹುಡುಗನಿಗೆ ಮೂರು ತಿಂಗಳಲ್ಲಿ ದಿನಕ್ಕೆ ಹತ್ತಿಪ್ಪತ್ತು ಇದ್ದದ್ದು ವಾರಕ್ಕೆ ಮೂರು ನಾಲ್ಕಕ್ಕೆ ಬಂತು. ಪೂರ್ತಿ ನಿಂತಿಲ್ಲ. ಹಣೆಯ ಮೇಲೆ ಹೊಸ ಹೊಲಿಗೆ ಬಿದ್ದಿಲ್ಲ.

ಇಲ್ಲೇ ಒಂದು ಕಟ್ಟುನಿಟ್ಟಿನ ಮಾತು. ಇದನ್ನು ಓದಿ ಯಾರೂ ಮನೆಯಲ್ಲೇ ಶುರುಮಾಡಬಾರದು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಕೊಬ್ಬನ್ನು ಶಕ್ತಿಯಾಗಿ ಬಳಸುವ ಸಾಮರ್ಥ್ಯ ಇರುವುದಿಲ್ಲ. ಅಂಥ ಮಗುವಿಗೆ ಈ ಊಟ ಪ್ರಾಣಕ್ಕೇ ಅಪಾಯ. ರಕ್ತ ಪರೀಕ್ಷೆ ಮಾಡಿದ ಮೇಲೆಯೇ, ನಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಯ ಮಕ್ಕಳ ನರರೋಗ ತಜ್ಞರು ಮತ್ತು ಆಹಾರ ತಜ್ಞರ ಕಣ್ಣೆದುರಿನಲ್ಲೇ ಶುರುವಾಗಬೇಕು. ಪಥ್ಯ ಹಿಡಿಯಿತೆಂದು ಮಾತ್ರೆಗಳನ್ನು ನಾವೇ ನಿಲ್ಲಿಸುವಂತೆಯೂ ಇಲ್ಲ.

ಫ್ಯಾಟ್, ಎಸ್‌ಎನ್‌ಎಫ್ ಗೊತ್ತಿದ್ದವರಿಗೆ ಈ ಲೆಕ್ಕ ಸುಲಭ

ಡೇರಿಯಲ್ಲಿ ದಿನಾ ಎರಡು ಹೊತ್ತು ಫ್ಯಾಟ್, ಎಸ್‌ಎನ್‌ಎಫ್ ಕೇಳುವ ನಮಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವಲ್ಲ. ಕಟ್ಟುನಿಟ್ಟಿನ ಪಥ್ಯದಲ್ಲಿ 4 ಗ್ರಾಂ ಕೊಬ್ಬಿಗೆ, ಪ್ರೋಟೀನ್ ಮತ್ತು ಪಿಷ್ಟ ಎರಡೂ ಸೇರಿ 1 ಗ್ರಾಂ. ಇದನ್ನು ನಾಲ್ಕಕ್ಕೆ ಒಂದು ಎನ್ನುತ್ತಾರೆ. ಕೆಲವರಿಗೆ ಮೂರಕ್ಕೆ ಒಂದು. ಸಡಿಲ ಪಥ್ಯದಲ್ಲಿ ಪ್ರೋಟೀನ್ ಅಳೆಯುವುದಿಲ್ಲ, ಪಿಷ್ಟವನ್ನು ಮಾತ್ರ ದಿನಕ್ಕೆ 10ರಿಂದ 20 ಗ್ರಾಂ ಒಳಗೆ ಇಡುತ್ತಾರೆ. ಯಾವುದು ಎಂಬುದು ವೈದ್ಯರ ತೀರ್ಮಾನ.

ಈಗ ನಮ್ಮ ಹಸುವಿನ ಹಾಲು ನೋಡಿ. ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಇದೆಯೆನ್ನಿ. ಆ 8.5ರಲ್ಲಿ ಸುಮಾರು 4.6 ಲ್ಯಾಕ್ಟೋಸ್ ಎಂಬ ಸಕ್ಕರೆ, 3.2 ಪ್ರೋಟೀನ್, ಉಳಿದದ್ದು ಖನಿಜ. ಅಂದರೆ ಕೊಬ್ಬಿಗಿಂತ ಕೊಬ್ಬಲ್ಲದ್ದೇ ಎರಡು ಪಟ್ಟು. ನಾಲ್ಕಕ್ಕೆ ಒಂದು ಎಲ್ಲಿ, ಇದೆಲ್ಲಿ! ಹಾಗಾಗಿ ಮನೆಯಲ್ಲಿ ಹಸು ಕಟ್ಟಿಕೊಂಡೂ ಈ ಮಗುವಿಗೆ ಲೋಟದ ತುಂಬ ಹಾಲು ಕೊಡುವಂತಿಲ್ಲ. ಅದೇ ಹಾಲಿನಿಂದ ಬಂದ ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೇ ಇಲ್ಲ ಎನ್ನಬಹುದು. ಕಡೆದಾಗ ಅದು ಮಜ್ಜಿಗೆಗೆ ಹೋಯಿತು. ಪನೀರ್ ಮಾಡಿದರೆ ಹಾಲೊಡೆದ ನೀರಿನ ಜೊತೆ ಹೋಯಿತು. ಮಜ್ಜಿಗೆ ದೊಡ್ಡವರಿಗೆ, ಬೆಣ್ಣೆ ಮಗುವಿಗೆ. ಶ್ರೀಕೃಷ್ಣನ ಮನೆಯ ನ್ಯಾಯ ಇದೇ ಅಲ್ಲವೆ.

ಉದಾಹರಣೆಗೆ ಒಂದು ಲೆಕ್ಕ. ಇದು ಉದಾಹರಣೆ ಮಾತ್ರ, ನಿಮ್ಮ ಮಗುವಿನ ಅಳತೆಯಲ್ಲ. ದಿನಕ್ಕೆ 1200 ಕ್ಯಾಲರಿ ಬೇಕಾದ ಮಗುವಿಗೆ ನಾಲ್ಕಕ್ಕೆ ಒಂದರಂತೆ 120 ಗ್ರಾಂ ಕೊಬ್ಬು, 18 ಗ್ರಾಂ ಪ್ರೋಟೀನ್, 12 ಗ್ರಾಂ ಪಿಷ್ಟ. 50 ಗ್ರಾಂ ರಾಗಿ ಹಿಟ್ಟಿನ ಪುಟ್ಟ ಮುದ್ದೆಯಲ್ಲೇ ಸುಮಾರು 35 ಗ್ರಾಂ ಪಿಷ್ಟವಿದೆ. ಒಂದು ಮುದ್ದೆ, ಮೂರು ದಿನದ ಪಾಲು! ದಿನವನ್ನು ಮೂರು ಊಟ ಮಾಡಿದರೆ ಒಂದೊಂದಕ್ಕೆ ಕೊಬ್ಬು 40, ಪ್ರೋಟೀನ್ 6, ಪಿಷ್ಟ 4 ಗ್ರಾಂ. ಒಂದು ಮೊಟ್ಟೆಗೇ ಆ ಪ್ರೋಟೀನ್ ಮುಗಿಯಿತು. ಮೊಟ್ಟೆಯ ಕೊಬ್ಬು 5 ಗ್ರಾಂ. ಇನ್ನೂ 35 ಗ್ರಾಂ ಕೊಬ್ಬು ಆರು ವರ್ಷದ ಮಗುವಿನ ಬಾಯಿಗೆ ಹೋಗಬೇಕು. ತುಪ್ಪವನ್ನು ಲೋಟದಲ್ಲಿ ಕುಡಿಸಲಾದೀತೆ?

ಆ 35 ಗ್ರಾಂ ಎಲ್ಲಿ ಬಚ್ಚಿಡುವುದು

ಈ ಅಡುಗೆಯ ಗುಟ್ಟೆಲ್ಲ ಇಷ್ಟೆ. ತುಪ್ಪವನ್ನು ತುಪ್ಪವಾಗಿ ಕಾಣಿಸಬಾರದು. ಒಂದೇ ಕಡೆ ಹಾಕದೆ ನಾಲ್ಕು ಕಡೆ ಹಂಚಬೇಕು.

ಮೊಟ್ಟೆ ದೋಸೆಯಿಂದ ಶುರುಮಾಡಿದೆವು. ಮೊಟ್ಟೆಯನ್ನು ನೊರೆ ಬರುವಂತೆ ಹೊಡೆದು 12 ಗ್ರಾಂ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ತೆಳ್ಳಗೆ ಹುಯ್ದರೆ ತುಪ್ಪ ಬಹುಪಾಲು ಒಳಗೇ ಸೇರುತ್ತದೆ. ಕಾವಲಿಯಲ್ಲಿ ಉಳಿದದ್ದನ್ನು ಮೇಲೆ ಸುರಿಯಬೇಕು. ಪಕ್ಕಕ್ಕೆ 20 ಗ್ರಾಂ ಹಸಿ ತೆಂಗಿನಕಾಯಿಯ ಚಟ್ನಿ. ಹುರಿಗಡಲೆ ಹಾಕಬಾರದು, ಅದು ಪಿಷ್ಟ. ರುಬ್ಬುವಾಗಲೇ 8 ಗ್ರಾಂ ಕೊಬ್ಬರಿ ಎಣ್ಣೆ ಬಿಟ್ಟರೆ ಚಟ್ನಿ ನುಣ್ಣಗಾಗುತ್ತದೆ, ಎಣ್ಣೆ ಇರುವುದು ತಿಳಿಯುವುದೇ ಇಲ್ಲ. ಕೊಬ್ಬರಿ ಎಣ್ಣೆಯ ಒಂದು ಭಾಗ ಯಕೃತ್ತಿನಲ್ಲಿ ಬೇಗ ಕೀಟೋನ್ ಆಗುತ್ತದೆ, ಅದೊಂದು ಲಾಭ. ನಾಲ್ಕಾರು ಬಿಲ್ಲೆ ಸೌತೆಕಾಯಿ. ಕೊನೆಗೆ ತುಪ್ಪ, ಕೊಬ್ಬರಿ ಪುಡಿ, ಏಲಕ್ಕಿ ಕಲಸಿ ಫ್ರಿಜ್‌ನಲ್ಲಿ ಗಟ್ಟಿ ಮಾಡಿದ ಒಂದು ಪುಟ್ಟ ಮಿಠಾಯಿ. ಕೂಡಿಸಿದರೆ ಕೊಬ್ಬು 40ರ ಹತ್ತಿರ ಬರುತ್ತದೆ. ಒಂದೆರಡು ಗ್ರಾಂ ಹೆಚ್ಚುಕಮ್ಮಿ ಸರಿಮಾಡಿಕೊಡುವುದು ಆಹಾರ ತಜ್ಞೆಯ ಕೆಲಸ. ಅವರಿಗೆ ತೋರಿಸದೆ ಯಾವ ಹೊಸ ಅಡುಗೆಯನ್ನೂ ನಾವು ಪಟ್ಟಿಗೆ ಸೇರಿಸಲಿಲ್ಲ.

ಹುಡುಗ ಹಂಬಲಿಸುತ್ತಿದ್ದದ್ದು ಅನ್ನಕ್ಕೆ. ಹೂಕೋಸನ್ನು ಕಾಯಿ ತುರಿದಂತೆ ತುರಿದು ಆವಿಯಲ್ಲಿ ಎರಡೇ ನಿಮಿಷ ಇಟ್ಟು ಬಟ್ಟೆಯಲ್ಲಿ ಹಿಂಡಿ ತೆಗೆದರೆ ಅನ್ನದ ಹಾಗೇ ಉದುರುದುರು. ಹಿಂಡದಿದ್ದರೆ ಗೊಜ್ಜಾಗುತ್ತದೆ, ವಾಸನೆಯೂ ಹೊಡೆಯುತ್ತದೆ. ಅದಕ್ಕೆ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಹಸಿಮೆಣಸು, ಅರಿಶಿನದ ಒಗ್ಗರಣೆ, ನಾಲ್ಕು ಹನಿ ನಿಂಬೆ, ತೂಕ ಮಾಡಿದ ಏಳೆಂಟು ಕಡಲೆಬೀಜ: ಚಿತ್ರಾನ್ನ. ಅದೇ ತುರಿಗೆ ಕೆನೆ, ಒಂದು ಚಮಚ ಗಟ್ಟಿ ಮೊಸರು, ಶುಂಠಿ, ಇಂಗು: ಮೊಸರನ್ನ. “ಇದು ಯಾವ ಅಕ್ಕಿ ಅಮ್ಮ?” ಅಂತ ಕೇಳಿದನಂತೆ. ತಾಯಿ ಏನೋ ಒಂದು ಹೆಸರು ಹೇಳಿದರು, ಇರಲಿ.

ರೊಟ್ಟಿಗೆ ಅಗಸೆ. ಉತ್ತರ ಕರ್ನಾಟಕದವರು ಚಟ್ನಿ ಪುಡಿಗೆ ಬಳಸುವ ಅಗಸೆಯಲ್ಲಿ ಕೊಬ್ಬು, ನಾರು ಹೆಚ್ಚು, ಮೈಗೆ ಹತ್ತುವ ಪಿಷ್ಟ ಬಹಳ ಕಡಿಮೆ. ಹುರಿದು ಪುಡಿಮಾಡಿ, ತುರಿದ ಒಣಕೊಬ್ಬರಿ, ಜೀರಿಗೆ, ಉಪ್ಪು ಸೇರಿಸಿ ಬಿಸಿನೀರು ಹಾಕಿ ಐದು ನಿಮಿಷ ಬಿಟ್ಟರೆ ತಾನೇ ಅಂಟಿಕೊಳ್ಳುತ್ತದೆ. ಬಾಳೆಎಲೆಗೆ ಬೆಣ್ಣೆ ಸವರಿ ತಟ್ಟಿ ಸಣ್ಣ ಉರಿಯಲ್ಲಿ ಬೇಯಿಸಿ. ಮಲಬದ್ಧತೆ ಈ ಪಥ್ಯದ ದೊಡ್ಡ ಕಾಟ, ಅಗಸೆ ಅದಕ್ಕೂ ಒಳ್ಳೆಯದು. ಬೇಳೆ ಬಿಟ್ಟು ಮಾಡಿದ ಮಸ್ಸೊಪ್ಪು ಅದರ ಜೊತೆಗೆ. ಈರುಳ್ಳಿಯ ಕಡೆ ಗಮನ ಇರಲಿ, ಒಂದು ಚಿಕ್ಕ ಈರುಳ್ಳಿಗೇ ಸುಮಾರು 3 ಗ್ರಾಂ ಪಿಷ್ಟ.

ಮೊಟ್ಟೆ ತಿನ್ನದ ಮನೆಯವರಿಗೆ ಪನೀರ್. ಸುಮಾರು 30-35 ಗ್ರಾಂ ಪನೀರ್ ಒಂದು ಮೊಟ್ಟೆಯಷ್ಟು ಪ್ರೋಟೀನ್ ಕೊಡುತ್ತದೆ. ಕೈಯಲ್ಲಿ ಪುಡಿಮಾಡಿ ಒಗ್ಗರಣೆ ಹಾಕಿದರೆ ಉಪ್ಪಿಟ್ಟು, ಬೆಣ್ಣೆಯಲ್ಲಿ ಹುರಿದರೆ ತುಂಡು, ಕಾಯಿಹಾಲಿನಲ್ಲಿ ಕುದಿಸಿದರೆ ಸಾಗು. ಮಾಂಸ ತಿನ್ನುವವರಿಗೆ ಚರ್ಮ ಸಮೇತದ ಕೋಳಿ, ಬಂಗುಡೆ ಮೀನು ಇನ್ನೂ ಅನುಕೂಲ.

ಮನೆಯ ಪದಾರ್ಥದ ಬಗ್ಗೆ ಒಂದು ಎಚ್ಚರಿಕೆ. ಮನೆ ಕೆನೆಯ ಜಿಡ್ಡು ದಿನಕ್ಕೊಂದು ಥರ, ಮನೆ ಬೆಣ್ಣೆಯಲ್ಲಿ ನೀರೆಷ್ಟಿದೆ ಹೇಳಲಾಗದು. ಹಾಗಾಗಿ ನನ್ನ ಸಲಹೆ: ಮನೆಯದಾದರೆ ಚೆನ್ನಾಗಿ ಕಾಯಿಸಿದ ತುಪ್ಪ, ಅದು ಪೂರ್ತಿ ಕೊಬ್ಬು, ಲೆಕ್ಕ ತಪ್ಪುವುದಿಲ್ಲ. ಕೆನೆ, ಬೆಣ್ಣೆ, ಪನೀರ್ ಮಾತ್ರ ಪ್ಯಾಕೆಟ್ಟಿನ ಮೇಲೆ ಕೊಬ್ಬಿನ ಪ್ರಮಾಣ ಬರೆದಿರುವುದನ್ನೇ ಬಳಸಿ. ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕೇ ಬೇಕು. ಕರಗಿದ ತುಪ್ಪದ ಚಮಚ ಬೇರೆ, ಹೆಪ್ಪುಗಟ್ಟಿದ್ದರ ಚಮಚ ಬೇರೆ. ತಟ್ಟೆಗೆ ಅಂಟಿದ ಜಿಡ್ಡೂ ಲೆಕ್ಕದ್ದೇ, ಅದನ್ನು ಬಳಿದು ತಿನ್ನಿಸಬೇಕು.

ಅಜ್ಜಿ, ಶಾಲೆ, ಹಬ್ಬ

ಎರಡನೇ ತಿಂಗಳಲ್ಲಿ ಒಮ್ಮೆ ಪಟ್ಟಿಯ ಬಣ್ಣ ತಿಳಿಯಾಯಿತು, ಮಾರನೇ ದಿನ ಫಿಟ್ಸ್ ಜಾಸ್ತಿ. ವಿಚಾರಿಸಿದರೆ ಅಜ್ಜಿ ಕನಿಕರದಿಂದ ಎರಡು ಬಿಸ್ಕತ್ತು ಕೊಟ್ಟಿದ್ದರು. “ಮಗ ಮುಖ ನೋಡ್ತಾ ಕೂತಿದ್ರೆ ನನ್ನ ಗಂಟಲಲ್ಲಿ ಇಳಿಯೋದಾ?” ಅವರನ್ನು ಬೈದು ಪ್ರಯೋಜನವಿಲ್ಲ. ಸೊಸೆ ಜಾಣೆ. ಅಂದಿನಿಂದ ತಕ್ಕಡಿಯನ್ನೇ ಅತ್ತೆಯ ಕೈಗೆ ಕೊಟ್ಟರು. ಬೆಣ್ಣೆ ಕಾಯಿಸುವುದು, ತುಪ್ಪ ತೂಗುವುದು, ಮಿಠಾಯಿ ಕಟ್ಟುವುದು ಈಗ ಅಜ್ಜಿಯ ಖಾತೆ. ನಾನು ಹೋದಾಗ ನನ್ನ ಕೈಗೂ ಒಂದು ಮಿಠಾಯಿ ಇಡುತ್ತಾರೆ, ತೂಕ ಹೇಳಿಯೇ.

ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು 150 ಮಿಲೀಲೀಟರ್, ಅದರಲ್ಲೇ ಸುಮಾರು 7 ಗ್ರಾಂ ಲ್ಯಾಕ್ಟೋಸ್, ಮೇಲೆ ಸಕ್ಕರೆ ಬೇರೆ. ನಮ್ಮಂಥ ಡೇರಿ ಊರಲ್ಲಿ ‘ಹಾಲು ಕೊಡಬೇಡಿ’ ಎಂದು ಮೇಷ್ಟ್ರಿಗೆ ಹೇಳುವುದು ತಾಯಿಗೆ ಮುಜುಗರವಾಗಿತ್ತು. ಆಸ್ಪತ್ರೆಯ ಚೀಟಿಯ ಪ್ರತಿ ಕೊಟ್ಟ ಮೇಲೆ ಬಿಸಿಯೂಟದವರೂ ಸಹಕರಿಸುತ್ತಿದ್ದಾರೆ. ಹಾಲು ಬಿಟ್ಟದ್ದಕ್ಕೆ ಕ್ಯಾಲ್ಸಿಯಂ, ವಿಟಮಿನ್ ಮಾತ್ರೆಯನ್ನು ಆಸ್ಪತ್ರೆಯವರೇ ಬರೆಯುತ್ತಾರೆ, ಅದು ತಪ್ಪಬಾರದು. ಮೂತ್ರಪಿಂಡದಲ್ಲಿ ಕಲ್ಲಾಗುವ ಸಂಭವ ಇರುವುದರಿಂದ ಶಾಲೆಗೂ ನೀರಿನ ಬಾಟಲಿ ಕೊಟ್ಟು ಕುಡಿಸಬೇಕು. ಎತ್ತರ, ತೂಕ, ರಕ್ತ ಪರೀಕ್ಷೆಗೆ ಕರೆದ ದಿನ ತಪ್ಪದೆ ಹೋಗಬೇಕು.

ಸಂಕ್ರಾಂತಿಗೆ ಎಳ್ಳು, ಕೊಬ್ಬರಿ, ಕಡಲೆಬೀಜ ತೂಗಿ ಅವನದೇ ಡಬ್ಬಿಗೆ ಹಾಕಿದರು. ಬೆಲ್ಲ, ಹುರಿಗಡಲೆ, ಸಕ್ಕರೆ ಅಚ್ಚು ಇಲ್ಲ. ಬೆಲ್ಲ ಸಾವಯವವಾದರೂ ಸಕ್ಕರೆಯೇ, ಜೇನೂ ಸಕ್ಕರೆಯೇ, ಎಳನೀರಿನಲ್ಲೂ ಸಕ್ಕರೆಯಿದೆ. ಪ್ರಸಾದವೆಂದು ಬಾಯಿಗೆ ಹಾಕುವ ಒಂದು ಚಮಚ ಪಂಚಾಮೃತವೂ ಲೆಕ್ಕಕ್ಕೆ ಬರುತ್ತದೆ. ಕೈಗೆ ಕೊಟ್ಟು ಕಣ್ಣಿಗೆ ಒತ್ತಿಸಿ ಸಾಕು.

ಜ್ವರ ಬಂದಾಗ, ಫಿಟ್ಸ್ ಬಂದಾಗ

ಜ್ವರ, ವಾಂತಿ ಬಂದು ಹತ್ತಿರದ ಆಸ್ಪತ್ರೆಗೆ ಓಡಿದಾಗ ಮೊದಲು ಹೇಳಬೇಕಾದ ಮಾತು, ಮಗು ಕೀಟೋಜೆನಿಕ್ ಪಥ್ಯದಲ್ಲಿದೆ ಎಂಬುದು. ಮಾಮೂಲು ಸಿರಪ್, ಓಆರ್‌ಎಸ್, ಗ್ಲೂಕೋಸ್ ಬಾಟಲಿ ಎಲ್ಲದರಲ್ಲೂ ಸಕ್ಕರೆಯಿದೆ. ಬದಲಿ ಇದ್ದರೆ ವೈದ್ಯರು ಅದನ್ನೇ ಕೊಡುತ್ತಾರೆ. ಆದರೆ ಮಗು ತೀರಾ ಮಂಕಾಗಿ, ರಕ್ತದ ಸಕ್ಕರೆ ಬಹಳ ಇಳಿದಿದೆ ಎಂದು ವೈದ್ಯರು ಗ್ಲೂಕೋಸ್ ಕೊಡಲೇಬೇಕೆಂದರೆ ಅಡ್ಡಿ ಮಾಡಬೇಡಿ. ಪಥ್ಯ ಮತ್ತೆ ಹಿಡಿಯಬಹುದು.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಬಾಯಿಗೆ ಚಮಚ ಇವ್ಯಾವುದೂ ಬೇಡ. ನೀರನ್ನೂ ಕುಡಿಸಬೇಡಿ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಒತ್ತಿ ಹಿಡಿಯಬೇಡಿ, ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮೂರು ತಿಂಗಳು ಹಿಡಿದು ನೋಡಿ, ಫಲವಿದ್ದರೆ ಸಾಮಾನ್ಯವಾಗಿ ಎರಡು ವರ್ಷ ನಡೆಸಿ, ಆ ಮೇಲೆ ಕೆಲವು ತಿಂಗಳುಗಳಲ್ಲಿ ನಿಧಾನವಾಗಿ ಬಿಡಿಸುತ್ತಾರೆ. ಫಲವಿಲ್ಲದಿದ್ದರೆ ವೈದ್ಯರೇ ನಿಲ್ಲಿಸುತ್ತಾರೆ. ಅಲ್ಲಿವರೆಗೆ ಒಂದು ನೋಟ್‌ಬುಕ್ಕಿನಲ್ಲಿ ಊಟದ ತೂಕ, ಪಟ್ಟಿಯ ಬಣ್ಣ, ಫಿಟ್ಸ್ ಬಂದ ಹೊತ್ತು ಮತ್ತು ಎಷ್ಟು ನಿಮಿಷ ಎಂಬುದನ್ನು ಬರೆದಿಡಿ. ಈ ಮನೆಯಲ್ಲಿ ಅದನ್ನು ಡೇರಿಯ ಪಾಸ್‌ಬುಕ್ಕಿನ ಜೊತೆ ಒಂದೇ ಮೊಳೆಗೆ ನೇತುಹಾಕಿದ್ದಾರೆ. ಎರಡರಲ್ಲೂ ಬೆಳಿಗ್ಗೆ, ಸಂಜೆ ಎಂದು ಎರಡು ಸಾಲು.